ಹೊಸನ್ನ ಎಂದವರೇ ಶಿಲುಬೆಗೆ ಹಾಕಿಸು ಎಂದರೇ?

ಅತ್ತೆ: (ಫಾರ್ವರ್ಡ್) ಜೆರುಸಲೇಮಿಗೆ ಬಂದ ಯೇಸುವಿಗೆ ಭಾನುವಾರ ಗರಿ ಹಿಡಿದು "ಹೊಸನ್ನ" ಎಂದ ಜನರೇ ಶುಕ್ರವಾರ "ಶಿಲುಬೆಗೆ ಹಾಕಿಸು" ಎಂದರು! ಕತ್ತೆಯ ಮೇಲೆ ಬಂದ ಬಡವ ಅವರಿಗೆ ಬೇಡವಾದ. ಮನುಷ್ಯರನ್ನು ನಂಬಬೇಡಿ. 10 ಜನರಿಗೆ ಕಳಿಸಿ 🙏

ದೊಡ್ಡಪ್ಪ: ಸತ್ಯವಾದ ಮಾತು. ಈಗಿನ ಮಕ್ಕಳೂ ಹಾಗೇ. ಹಬ್ಬಕ್ಕೆ ಬಾ ಅಂದರೆ ರಜೆ ಇಲ್ಲ ಅಂತಾರೆ.

ತಮ್ಮ: ಅದೇ ಜನ ಅಂತ ಎಲ್ಲಿ ಬರೆದಿದೆ ಅತ್ತೆ? ಅಧ್ಯಾಯ, ವಚನ ಹೇಳಿ. ಯೋಹಾನ 12:12ರಲ್ಲಿ ಗರಿ ಹಿಡಿದವರು ಪಸ್ಕ ಹಬ್ಬಕ್ಕೆ ಬಂದ ಯಾತ್ರಿಕರು. ತೀರ್ಪು ಕೊಟ್ಟ ರೋಮನ್ ಅಧಿಪತಿ ಪಿಲಾತನ ಮುಂದಿದ್ದ ಗುಂಪನ್ನು ಮಹಾಯಾಜಕರು ಎತ್ತಿಕಟ್ಟಿದರು, ಮಾರ್ಕ 15:11. ಶಿಲುಬೆಯ ಹಿಂದೆ ಎದೆ ಬಡಿದುಕೊಂಡು ಅತ್ತವರೂ ಇದ್ದರು, ಲೂಕ 23:27.

ಅತ್ತೆ: ಕ್ರಿಸ್ಮಸ್‌ಗೆ, ಮಗು ಯೇಸುವನ್ನು ನೋಡಲು ಬಂದವರು ಮೂವರು ಜ್ಞಾನಿಗಳು ಅಂತ ಕಳಿಸಿದಾಗಲೂ ತಪ್ಪು ಹುಡುಕಿದ್ದು ನೀನೇ.

ತಮ್ಮ: ಮತ್ತಾಯ ಹೇಳಿದ್ದು ಮೂರು ಕಾಣಿಕೆ. ಎಷ್ಟು ಜನ ಅಂತ ಬರೆದಿಲ್ಲ.

ಅಕ್ಕ: ಗರಿ ಅಂದ ತಕ್ಷಣ ಅಜ್ಜಿ ಮಾಡುತ್ತಿದ್ದ ಶಿಲುಬೆ ನೆನಪಾಯ್ತು 😍 ಎಳೆ ತೆಂಗಿನ ಗರಿ, ನಡುವಿನ ಕಡ್ಡಿ ತೆಗೆದು ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು. ಒಣಗಿದರೆ ಮಡಚುವಾಗ ಸೀಳುತ್ತೆ.

ಅತ್ತಿಗೆ: ಗರಿಯಲ್ಲೇ ಇದೆ ವಿಷಯ. ಕ್ರಿ.ಪೂ. 141ರಲ್ಲಿ ಯೆಹೂದಿ ನಾಯಕ ಸಿಮೋನ ಜೆರುಸಲೇಮಿನ ಕೋಟೆಯಿಂದ ಶತ್ರುಗಳನ್ನು ಓಡಿಸಿದಾಗ ಜನ ಖರ್ಜೂರದ ಗರಿ ಹಿಡಿದೇ ಒಳಗೆ ಹೋದರು, ಮಕ್ಕಬಿಯರ ಮೊದಲ ಗ್ರಂಥ 13:51. ಹೊಸನ್ನ ಅಂದರೆ "ಈಗ ರಕ್ಷಿಸು". ಪಸ್ಕವೂ ಐಗುಪ್ತದ ದಾಸತ್ವದಿಂದ ಬಿಡುಗಡೆಯಾದ ಹಬ್ಬ. ಯೇಸುವಿಗೆ ಹೊಸನ್ನ ಎಂದವರೂ ರೋಮನ್ನರನ್ನು ಓಡಿಸುವ, ದಾವೀದ ರಾಜನ ವಂಶದ ಅರಸನಿಗೆ ಕಾಯುತ್ತಿದ್ದರು.

ದೊಡ್ಡಪ್ಪ: ಆ ಗ್ರಂಥ ನಮ್ಮ ಬೈಬಲಿನಲ್ಲಿ ಇಲ್ಲವಲ್ಲಮ್ಮ.

ಅತ್ತಿಗೆ: ನಮ್ಮ ಕಥೋಲಿಕ ಬೈಬಲಿನಲ್ಲಿದೆ ಮಾವ.

ಅತ್ತೆ: ಮದುವೆ ಯಾವ ಚರ್ಚಿನಲ್ಲಿ ಅನ್ನೋ ಜಗಳ ಮತ್ತೆ ತೆಗೀಬೇಡಿ.

ತಮ್ಮ: ಕತ್ತೆ ಅಂದರೆ ಬಡತನ ಅನ್ನೋದೂ ಸರಿಯಿಲ್ಲ. ದಾವೀದನ ಮಗ ಸೊಲೊಮೋನನನ್ನು ಪಟ್ಟಾಭಿಷೇಕಕ್ಕೆ ಕರೆದೊಯ್ದದ್ದು ದಾವೀದನ ಹೇಸರಗತ್ತೆಯ ಮೇಲೆ, 1 ಅರಸುಗಳು 1:33. ಅರಸ ಕತ್ತೆಯ ಮೇಲೆ ಬರುತ್ತಾನೆ ಅನ್ನುವ ಜೆಕರ್ಯ 9:9 ಎಲ್ಲರೂ ಓದುತ್ತಾರೆ, 9:10 ಬಿಟ್ಟುಬಿಡುತ್ತಾರೆ. ರಥ, ಕುದುರೆ, ಯುದ್ಧದ ಬಿಲ್ಲು ಇಲ್ಲವಾಗುತ್ತವೆ ಅಂತ ಅಲ್ಲಿದೆ. ಬಂದವನು ಅರಸನೇ, ಆದರೆ ಯುದ್ಧಕ್ಕೆ ಬಂದವನಲ್ಲ.

ದೊಡ್ಡಪ್ಪ: ಅಂದರೆ ಜನರದ್ದೇ ತಪ್ಪು. ನಾನು ಹೇಳಿದ್ದೂ ಅದೇ.

ತಮ್ಮ: ನೀವು ಹೇಳಿದ್ದು ರಜೆಯ ವಿಷಯ ದೊಡ್ಡಪ್ಪ.

ದೊಡ್ಡಪ್ಪ: ಹಿರಿಯರ ಜೊತೆ ಮಾತಾಡುವ ರೀತಿಯಾ ಇದು?

ಅತ್ತಿಗೆ: ಜನರನ್ನು ಮಾತ್ರ ಬೈದರೆ ಹೇಗೆ ಮಾವ? ಶಿಷ್ಯರಿಗೂ ಅದೇ ನಿರೀಕ್ಷೆ. ಯೇಸು ಸ್ವಾಮಿ ಸತ್ತು ಎದ್ದು ಬಂದ ಮೇಲೂ ಇಸ್ರಾಯೇಲಿಗೆ ರಾಜ್ಯ ಯಾವಾಗ ಅಂತ ಕೇಳಿದರು, ಅಪೊಸ್ತಲರ ಕೃತ್ಯಗಳು 1:6. ಎಮ್ಮಾವು ಊರಿಗೆ ಹೋಗುತ್ತಿದ್ದ ಇಬ್ಬರು ಶಿಷ್ಯರು "ಆತನೇ ಬಿಡಿಸುತ್ತಾನೆಂದು ನಂಬಿದ್ದೆವು" ಅಂದರು, ಲೂಕ 24:21. ಪ್ರೀತಿಸಿದವರಿಗೇ ಅರ್ಥವಾಗಿರಲಿಲ್ಲ. ಅವರನ್ನು ನಂಬಿಕೆದ್ರೋಹಿಗಳು ಅನ್ನುವುದು ಅನ್ಯಾಯ.

ಅಕ್ಕ: ಒದ್ದೆ ಬಟ್ಟೆಯಲ್ಲಿ ರಾತ್ರಿಯಿಡೀ ಇಡಬೇಕಾ? ಯಾರೂ ಹೇಳಲಿಲ್ಲ.

ಅತ್ತೆ: ನಾನಾಗಲೇ ಹತ್ತು ಜನರಿಗೂ ಕಳಿಸಿಬಿಟ್ಟೆ.

ದೊಡ್ಡಪ್ಪ: ಅವರಿಗೆ ಮಾರ್ಕ 15:11 ಕೂಡ ಕಳಿಸು ತಂಗಿ.