ನೋ ನಾಟಕದ ಮುಖವಾಡಕ್ಕೆ ಹೊಂದುವ ಕ್ರಿಯಾಪದ ಯಾವುದು?

ಜಪಾನಿನ ನೋ ರಂಗಭೂಮಿಯ ಬಗ್ಗೆ ಕನ್ನಡದಲ್ಲಿ ಬರೆಯುವಾಗ ‘ಮುಖವಾಡ’ ಎಂಬ ನಾಮಪದಕ್ಕಿಂತ ಅದರ ಜೊತೆಗೆ ಬರಬೇಕಾದ ಕ್ರಿಯಾಪದವೇ ಹೆಚ್ಚು ತೊಡಕಿನದು. ಟೋಪಿ ಹಾಕಿಕೊಳ್ಳುವುದಕ್ಕೆ ಜಪಾನೀಯರು ಹೇಳುವ ‘ಕಬುರು’ ಎಂಬ ಮಾತನ್ನು ನೋ ಕಲಾವಿದರು ಮುಖವಾಡಕ್ಕೆ ಬಳಸುವುದಿಲ್ಲ. ತೂಗುಹಾಕು ಎಂಬರ್ಥದ ‘ಕಕೆರು’ ಅಥವಾ ತಾಗಿಸಿಕೊಳ್ಳು ಎಂಬರ್ಥದ ‘ತ್ಸುಕೆರು’ ಎನ್ನುತ್ತಾರೆ. ಮುಖವಾಡಕ್ಕೆ ಅವರಿಟ್ಟ ‘ಒಮೊತೆ’ ಎಂಬ ಹೆಸರಿಗೆ ಮುಖ, ಹೊರಮೈ ಎಂಬ ಅರ್ಥಗಳೂ ಇವೆ. ಹಿನೊಕಿ ಎಂಬ ಜಪಾನಿನ ಸೈಪ್ರೆಸ್ ಮರದಲ್ಲಿ ಕೆತ್ತಿ, ಚಿಪ್ಪಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿದು ಮಾಡುವ ಈ ಮುಖ ನಟನ ಮುಖಕ್ಕಿಂತ ಚಿಕ್ಕದಾದ್ದರಿಂದ ಅವನ ಗದ್ದ ಹೊರಗೇ ಕಾಣುತ್ತಿರುತ್ತದೆ. ಅದನ್ನು ತುಸು ಮೇಲಕ್ಕೆತ್ತಿದರೆ ‘ತೆರಾಸು’, ಬೆಳಗಿಸುವುದು, ತುಸು ಬಾಗಿಸಿದರೆ ‘ಕುಮೊರಾಸು’, ಮೋಡ ಕವಿಸುವುದು. ಇಲ್ಲಿ ಮರೆಮಾಚುವ ಭಾವವೇ ಇಲ್ಲ.

ಕನ್ನಡದಲ್ಲಾದರೋ ‘ಮುಖವಾಡ ಹಾಕಿಕೊಂಡಿದ್ದಾನೆ’ ಎಂದೊಡನೆ ಕಪಟ ನೆನಪಾಗುತ್ತದೆ, ‘ಮುಖವಾಡ ಕಳಚಿತು’ ಎಂದರೆ ಬಣ್ಣ ಬಯಲಾಯಿತು ಎಂದೇ ಅರ್ಥ. ಆದರೆ ‘ಲಿಂಗಕ್ಕೆ ಬೆಳ್ಳಿಯ ಮುಖವಾಡ ತೊಡಿಸಿದರು’ ಎಂಬ ವಾಕ್ಯದಲ್ಲಿ ಕಪಟದ ಸುಳಿವೂ ಇಲ್ಲ. ಮುಖವಿಲ್ಲದುದಕ್ಕೆ ಮುಖ ಕೊಟ್ಟರು ಎಂಬುದೇ ಅಲ್ಲಿಯ ತಾತ್ಪರ್ಯ. ಆದ್ದರಿಂದ ನೋ ಸಂದರ್ಭಕ್ಕೆ ‘ತೊಡು’ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ.

ಯಕ್ಷಗಾನದ ‘ವೇಷ ಕಟ್ಟು’ ಎಂಬ ಬಳಕೆಯನ್ನೂ ಪರಿಶೀಲಿಸಿದೆ. ನೋ ಮುಖವಾಡವನ್ನು ದಾರದಿಂದ ತಲೆಯ ಹಿಂದೆ ಕಟ್ಟುವುದು ನಿಜವಾದರೂ, ಬಣ್ಣ, ಚಿಟ್ಟಿ (ಮುಖದ ಮೇಲೆ ಹಿಟ್ಟಿನಿಂದ ಇಡುವ ಉಬ್ಬುಚುಕ್ಕಿ), ಕಿರೀಟಗಳಿಂದ ಇಡೀ ಪಾತ್ರವನ್ನೇ ಕಟ್ಟುವ ಚೌಕಿಯ, ಅಂದರೆ ಬಣ್ಣದ ಮನೆಯ, ಆ ಮಾತನ್ನು ಒಂದೇ ವಸ್ತುವಿಗೆ ಇಳಿಸುವುದು ಸರಿಯೆನಿಸಲಿಲ್ಲ. ಭೂತಾರಾಧನೆಯ ‘ಮೊಗ’ ಎಂಬ ಹೆಸರು ಮುಖಕ್ಕೂ ಮುಖವಾಡಕ್ಕೂ ಸಲ್ಲುವುದರಿಂದ ‘ಒಮೊತೆ’ಗೆ ಬಹಳ ಹತ್ತಿರದ್ದು, ಆದರೆ ಅದರೊಂದಿಗೆ ದೈವದ ಸನ್ನಿಧಿಯೂ ಬರುತ್ತದೆ. ನಟನು ರಂಗದ ಮೇಲೆಯೇ, ಎಲ್ಲರೆದುರು ಮುಖವಾಡ ತೊಡುವ ‘ಒಕಿನ’ ಎಂಬ ವಿಧಿರೂಪದ ಪ್ರಯೋಗಕ್ಕೆ ಮಾತ್ರ ಆ ಪದವನ್ನು ಮೀಸಲಿಡಬಹುದೇನೋ.

ಮುಖವಾಡವಿಲ್ಲದ ಪಾತ್ರದಲ್ಲೂ ನೋ ನಟನು ತನ್ನ ಮುಖವನ್ನು ಅಲುಗಿಸದೆ ಮುಖವಾಡದಂತೆಯೇ ಇಟ್ಟುಕೊಳ್ಳುತ್ತಾನೆ. ಇದಕ್ಕೆ ‘ಹಿತಮೆನ್’ ಎಂದು ಹೆಸರು. ‘ಬರಿಮೊಗ’ ಎಂದರೆ ಅರ್ಥವಾದೀತೆ? ಜೊತೆಗೆ, ಹಳೆ ಮೈಸೂರು ಸೀಮೆಯಲ್ಲಿ, ಸೋಮ ಎಂಬ ದೊಡ್ಡ ಮುಖವಾಡದೊಂದಿಗೆ ಕುಣಿಯುವ ಸೋಮನ ಕುಣಿತ ಕಂಡು ಬೆಳೆದವರು ದಯವಿಟ್ಟು ತಿಳಿಸಬೇಕು: ಗ್ರಾಮದೇವತೆಯ ಹಬ್ಬದಲ್ಲಿ ನಿಮ್ಮೂರಿನವರು ಸೋಮನನ್ನು ‘ತೊಟ್ಟರು’ ಎನ್ನುತ್ತಾರೋ, ‘ಕಟ್ಟಿದರು’ ಎನ್ನುತ್ತಾರೋ, ‘ಹೊತ್ತರು’ ಎನ್ನುತ್ತಾರೋ?