ಮಗ ಲೈನ್‌ಮನ್ ಆಡ್ತಾನೆ: ಕಾಲೇಜು ಕೋಚ್‌ಗಳಿಗೆ ಗಾತ್ರ ಎಷ್ಟು ಮುಖ್ಯ?

ಪ್ರಶ್ನೆ (ಒಬ್ಬ ತಾಯಿ, ಡಲ್ಲಾಸ್ ಹತ್ತಿರ):

ನಮಸ್ಕಾರ ಸರ್. ನಾವು ಹಾಸನದ ಕಡೆಯವರು, ಇಲ್ಲಿಗೆ ಬಂದು ಹದಿನೆಂಟು ವರ್ಷ ಆಯ್ತು. ಮಗ ಹತ್ತನೇ ತರಗತಿ, ಶಾಲೆಯ ಅಮೆರಿಕನ್ ಫುಟ್‌ಬಾಲ್ ಟೀಮಲ್ಲಿ ಲೈನ್‌ಮನ್, ಅಂದ್ರೆ ಚೆಂಡು ಹಿಡಿದವನನ್ನ ಕಾಯೋ ಮುಂದಿನ ಸಾಲಿನವನು. ಆಡೋದು ಬಲತುದಿಯ ರೈಟ್ ಟ್ಯಾಕಲ್ ಜಾಗದಲ್ಲಿ. 6 ಅಡಿ 2 ಇಂಚು ಇದ್ದಾನೆ, 248 ಪೌಂಡ್. ಕಾಲೇಜಲ್ಲೂ ಆಡಬೇಕು ಅಂತ ತುಂಬಾ ಆಸೆ ಅವನಿಗೆ. ಬೇಸಿಗೆಯಲ್ಲಿ ಒಂದು ಕ್ಯಾಂಪಿಗೆ ಹೋಗಿದ್ದ. ಅಲ್ಲಿ ಒಬ್ಬ ಕೋಚ್ ಇವನನ್ನ ಮೇಲಿಂದ ಕೆಳಗೆ ನೋಡಿ, "ಇನ್ನೆರಡು ಇಂಚು ಬೆಳೆದ ಮೇಲೆ ಬಾ" ಅಂದು ಪಕ್ಕದ ಹುಡುಗನ ಕಡೆ ತಿರುಗಿದರಂತೆ. ಕಾರಲ್ಲಿ ಮನೆ ಮುಟ್ಟೋವರೆಗೂ ಒಂದು ಮಾತಾಡಲಿಲ್ಲ. ಅವತ್ತಿಂದ ದಿನಾ ರಾತ್ರಿ ಹತ್ತು ಗಂಟೆಗೆ ನಾಲ್ಕು ಪೀನಟ್ ಬಟರ್ ಸ್ಯಾಂಡ್‌ವಿಚ್ ತಿಂದು ಮಲಗ್ತಾನೆ. "ಎತ್ತರ ನನ್ನ ಕೈಲಿಲ್ಲ ಅಮ್ಮ, ತೂಕ ಇದೆಯಲ್ಲ" ಅಂತಾನೆ. ಗಾತ್ರ ಅಷ್ಟೊಂದು ಮುಖ್ಯವಾ ಸರ್? ನಾನು ಅವನನ್ನ ತಡೀಬೇಕಾ, ಬಿಡಬೇಕಾ?

ಉತ್ತರ (ಟೆಕ್ಸಸ್‌ನಲ್ಲಿ ಹೈಸ್ಕೂಲ್ ಲೈನ್ ಕೋಚ್, ಹಿಂದೆ ಕಾಲೇಜೊಂದರ ರಿಕ್ರೂಟಿಂಗ್ ವಿಭಾಗದಲ್ಲಿದ್ದವನು):

ಮೇಡಂ, ಮೊದಲು ಆ ಸ್ಯಾಂಡ್‌ವಿಚ್ ನಿಲ್ಲಿಸಿ. ಕಾರಣ ಹೇಳುತ್ತೇನೆ.

ಗಾತ್ರ ಖಂಡಿತ ಮುಖ್ಯ. ಇಲ್ಲ ಅಂದರೆ ನಿಮಗೆ ಸುಳ್ಳು ಹೇಳಿದ ಹಾಗಾಗುತ್ತದೆ. ಆದರೆ ಗಾತ್ರ ಅಂದರೆ ತೂಕ ಅಂತ ನಮ್ಮ ಮನೆಗಳಲ್ಲಿ ಅಂದುಕೊಳ್ಳುತ್ತಾರೆ. ಕೋಚ್‌ಗಳ ಲೆಕ್ಕದಲ್ಲಿ ತೂಕ ಬರುವುದು ಕೊನೆಗೆ. ಎತ್ತರ, ತೋಳಿನ ಉದ್ದ, ಭುಜ ಮತ್ತು ಸೊಂಟದ ಅಗಲ, ಪಾದದ ಚುರುಕು, ಇವು ಮೊದಲು. ಕಾಲೇಜಿನಲ್ಲಿ ಜಿಮ್ ಇದೆ, ಊಟದ ಹಾಲ್ ಇದೆ, ಏನು ತಿನ್ನಬೇಕು ಅಂತ ಹೇಳುವವರು ಇದ್ದಾರೆ. 250 ಪೌಂಡ್‌ನ ಹುಡುಗನನ್ನು ಎರಡು ವರ್ಷದಲ್ಲಿ 290ಕ್ಕೆ ತರುವುದು ಅವರಿಗೆ ದಿನದ ಕೆಲಸ. ಮೂಳೆ ಬೆಳೆಸುವುದು ಯಾರ ಕೈಲೂ ಆಗದು. ಆ ಕೋಚ್ ನೋಡಿದ್ದು ಮೂಳೆಯನ್ನು. ಹಾಗಂತ ಹದಿನೈದು ವರ್ಷದ ಮಗುವಿನ ಮುಖಕ್ಕೆ ಹಾಗೆ ಹೇಳಿದ್ದು ಸರಿಯಲ್ಲ.

ಇದಕ್ಕೆ ನಮ್ಮ ಟೆಕ್ಸಸ್‌ನವರದೇ ಉದಾಹರಣೆ ಇದೆ. ಲೇನ್ ಜಾನ್ಸನ್ ಗ್ರೋವ್‌ಟನ್ ಅನ್ನೋ ಸಣ್ಣ ಊರಲ್ಲಿ ಹೈಸ್ಕೂಲ್ ಕ್ವಾರ್ಟರ್‌ಬ್ಯಾಕ್. ಚೆಂಡು ಎಸೆಯುತ್ತಿದ್ದ ಹುಡುಗ! ಕಿಲ್ಗೋರ್ ಅನ್ನೋ ಜೂನಿಯರ್ ಕಾಲೇಜಿಗೆ ಹೋಗಿ, ಅಲ್ಲಿಂದ ಒಕ್ಲಹೋಮಾ ವಿಶ್ವವಿದ್ಯಾಲಯಕ್ಕೆ ಬಂದರು. ಟೈಟ್ ಎಂಡ್, ಡಿಫೆನ್ಸಿವ್ ಎಂಡ್ ಅಂತ ಜಾಗ ಬದಲಿಸುತ್ತಾ ಕೊನೆಗೆ ಟ್ಯಾಕಲ್ ಆದರು. 2013ರಲ್ಲಿ ಎನ್‌ಎಫ್‌ಎಲ್ (ಇಲ್ಲಿನ ವೃತ್ತಿಪರ ಲೀಗ್) ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ನಾಲ್ಕನೆಯವರಾಗಿ ಆಯ್ಕೆಯಾದರು. ಉದ್ದನೆಯ ಮೈಕಟ್ಟು, ಓಡಬಲ್ಲ ಕಾಲು ಮೊದಲೇ ಇದ್ದವು. ತೂಕ ಆಮೇಲೆ ಬಂತು.

ಇನ್ನು ನಿಮ್ಮ ಮಗನ ವಿಷಯ. ಲೈನ್‌ನಲ್ಲಿ ಐದು ಜನ: ನಡುವೆ ಸೆಂಟರ್ (ಕಾಲ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರು ಮಾಡುವವನು), ಅವನ ಎರಡು ಪಕ್ಕ ಗಾರ್ಡ್, ಎರಡು ತುದಿಗೆ ಟ್ಯಾಕಲ್. ತುದಿಯಲ್ಲಿ ನಿಂತವನ ಹೊರಗಡೆ ಪೂರ್ತಿ ಬಯಲು. ಎದುರಾಳಿ ಅಲ್ಲಿಂದ ಸುತ್ತು ಹಾಕಿ ನಮ್ಮ ಕ್ವಾರ್ಟರ್‌ಬ್ಯಾಕ್ ಕಡೆ ಓಡಿಬರುತ್ತಾನೆ. ಅವನ ಎದೆಗೆ ಮೊದಲು ಕೈ ಇಟ್ಟವನು ಗೆದ್ದ ಹಾಗೆ. ಅದಕ್ಕೇ ದೊಡ್ಡ ಕಾಲೇಜುಗಳು ಟ್ಯಾಕಲ್‌ಗೆ ಸಾಮಾನ್ಯವಾಗಿ 6 ಅಡಿ 4 ಇಂಚಿಗೆ ಮೇಲ್ಪಟ್ಟವರನ್ನು ಹುಡುಕುತ್ತವೆ. ಒಳಗಿನ ಮೂವರಿಗೆ ಅಷ್ಟು ಬಯಲಿಲ್ಲ. ಅಲ್ಲಿ ಮಂಡಿ ಬಗ್ಗಿಸಿ ಕೆಳಗಿಂದ ಎತ್ತುವವನಿಗೆ ಬೆಲೆ. 6 ಅಡಿ 2 ಇಂಚು ಅಲ್ಲಿ ಕಡಿಮೆ ಏನಲ್ಲ.

ಒಂದು ಕೆಲಸ ಮಾಡಿ. ಮಗನನ್ನು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ, ಕೈ ಪಕ್ಕಕ್ಕೆ ನೇರ ಚಾಚಲಿ. ಭುಜದ ತುದಿಯಲ್ಲಿ ಒತ್ತಿದರೆ ಸಿಗುವ ಮೂಳೆಯಿಂದ ನಡುಬೆರಳಿನ ತುದಿವರೆಗೆ ಟೇಪ್ ಹಿಡಿದು ಅಳೆಯಿರಿ. ಬರೆದು ತಿಳಿಸಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು, ಡೆಟ್ರಾಯಿಟ್):

ಸರ್, ನಮ್ಮವನು ಡಿಫೆನ್ಸಿವ್ ಟ್ಯಾಕಲ್, ಅಂದ್ರೆ ಎದುರಾಳಿಯನ್ನ ತಡೆಯೋ ಸಾಲಿನ ನಡುವೆ ನಿಲ್ಲೋನು. 5 ಅಡಿ 11 ಇಂಚು, 260 ಪೌಂಡ್, ಹನ್ನೊಂದನೇ ತರಗತಿ. ಆರನ್ ಡೊನಾಲ್ಡ್ ಕೂಡ ಕುಳ್ಳಗೇ ಇದ್ದರಲ್ಲ ಅಂತ ದಿನಾ ವಾದ ಮಾಡ್ತಾನೆ. ಹೌದಾ?

ಉತ್ತರ:

ಹೌದು ಸರ್, ಆ ಜಾಗಕ್ಕೆ ಡೊನಾಲ್ಡ್ ಸಣ್ಣವರೇ. 2014ರಲ್ಲಿ ಅಳೆದಾಗ 6 ಅಡಿ 1 ಇಂಚು ಪೂರ್ತಿ ಇರಲಿಲ್ಲ, ತೂಕ 285. ಹೈಸ್ಕೂಲಿನಲ್ಲಿ ಆಟಗಾರರಿಗೆ ಅಂಕ ಕೊಡುವವರು ಐದರಲ್ಲಿ ಮೂರೇ ಸ್ಟಾರ್ ಕೊಟ್ಟಿದ್ದರು. ತಮ್ಮೂರಿನ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಆಡಿದರು. ಆಮೇಲೆ ಎನ್‌ಎಫ್‌ಎಲ್‌ನ ವರ್ಷದ ಶ್ರೇಷ್ಠ ಡಿಫೆನ್ಸಿವ್ ಆಟಗಾರ ಪ್ರಶಸ್ತಿ ಮೂರು ಸಲ ಗೆದ್ದರು. ಆದರೆ ನಿಮ್ಮ ಮಗನಿಗೆ ಇದನ್ನೂ ಹೇಳಿ: ಅಷ್ಟು ತೂಕ ಹೊತ್ತು ಅವರು 40 ಗಜವನ್ನು 4.68 ಸೆಕೆಂಡಿನಲ್ಲಿ ಓಡಿದ್ದಾರೆ. ಎತ್ತರದಲ್ಲಿ ಕಳೆದುಕೊಂಡದ್ದನ್ನು ಮೊದಲ ಹೆಜ್ಜೆಯಲ್ಲಿ ವಾಪಸ್ ಪಡೆದರು. ನಿಮ್ಮ ಮಗನ ಆಟದ ವಿಡಿಯೊ ಹಾಕಿ, ಚೆಂಡು ಅಲುಗಿದ ಕ್ಷಣಕ್ಕೆ ಅದನ್ನು ನಿಲ್ಲಿಸಿ ನೋಡಿ. ಅಕ್ಕಪಕ್ಕದವರೆಲ್ಲ ಇನ್ನೂ ಕೂತ ಭಂಗಿಯಲ್ಲೇ ಇದ್ದು, ಇವನ ಕಾಲು ಆಗಲೇ ನೆಲ ಬಿಟ್ಟಿದ್ದರೆ, ಅವನ ವಾದದಲ್ಲಿ ಹುರುಳಿದೆ.

ದೊಡ್ಡ ಕಾಲೇಜುಗಳ ಬಾಗಿಲು ಈಗ ಇನ್ನೂ ಕಿರಿದಾಗಿದೆ. ಮೊದಲು 85 ಸ್ಕಾಲರ್‌ಶಿಪ್ ಮಿತಿ ಇತ್ತು, ಅದರ ಮೇಲೆ ಸ್ವಂತ ದುಡ್ಡಲ್ಲಿ ಓದುತ್ತಾ ಟೀಮಿಗೆ ಸೇರುವ ಹುಡುಗರೂ ಇರುತ್ತಿದ್ದರು. 2025ರಿಂದ, ಆಟಗಾರರಿಗೆ ನೇರವಾಗಿ ದುಡ್ಡು ಕೊಡಲು ಬಿಡುವ ಕೋರ್ಟ್ ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ಇಡೀ ಟೀಮಿಗೇ 105 ಜನರ ಮಿತಿ. ಜೊತೆಗೆ ಟ್ರಾನ್ಸ್‌ಫರ್ ಪೋರ್ಟಲ್‌ನಲ್ಲಿ (ಕಾಲೇಜು ಬದಲಿಸುವ ಆಟಗಾರರ ಪಟ್ಟಿ) ಇಪ್ಪತ್ತೆರಡು ವರ್ಷದ, ಮೈ ತುಂಬಿಕೊಂಡ ಲೈನ್‌ಮನ್ ಸಿಗುತ್ತಾನೆ. ಹೈಸ್ಕೂಲ್ ಹುಡುಗ ಬೆಳೆಯಲಿ ಅಂತ ಮೂರು ವರ್ಷ ಕಾಯುವ ತಾಳ್ಮೆ ಎಷ್ಟು ಜನರಿಗಿರುತ್ತದೆ?

ಆದರೆ ಕಾಲೇಜು ಫುಟ್‌ಬಾಲ್ ಅಂದರೆ ಟಿವಿಯಲ್ಲಿ ಬರುವ ಕಾಲೇಜುಗಳಷ್ಟೇ ಅಲ್ಲ. ಆ ದೊಡ್ಡ ಕಾಲೇಜುಗಳು ಇರುವುದು ಡಿವಿಷನ್ 1 ಅನ್ನೋ ಮೇಲಿನ ಹಂತದಲ್ಲಿ. ಅದರ ಕೆಳಗಿನ ಡಿವಿಷನ್ 2ರಲ್ಲಿ ಭಾಗಶಃ ಸ್ಕಾಲರ್‌ಶಿಪ್ ಇದೆ. ಡಿವಿಷನ್ 3ರಲ್ಲಿ ಆಟಕ್ಕೆ ಅಂತ ಒಂದು ಡಾಲರ್ ಕೊಡುವುದಿಲ್ಲ. ಆದರೆ ಎಂಐಟಿ, ಶಿಕಾಗೊ ವಿಶ್ವವಿದ್ಯಾಲಯ, ಕಾರ್ನೆಗಿ ಮೆಲನ್, ಜಾನ್ಸ್ ಹಾಪ್ಕಿನ್ಸ್ ಆಡುವುದು ಅಲ್ಲೇ. ಅಲ್ಲಿ 5 ಅಡಿ 11 ಇಂಚಿನ ಚುರುಕಾದ ಡಿಫೆನ್ಸಿವ್ ಟ್ಯಾಕಲ್ ಯಾರಿಗೂ ಅಚ್ಚರಿಯಲ್ಲ. ಮಾರ್ಕ್ಸ್ ಹೇಗಿವೆ ಅಂತ ನೀವು ಬರೆದೇ ಇಲ್ಲ, ನಾನು ಮೊದಲು ಕೇಳಬೇಕಾದ್ದು ಅದು. ಡಿವಿಷನ್ 1ಕ್ಕೂ ಹೈಸ್ಕೂಲಿನ 16 ಕೋರ್ ಕೋರ್ಸ್ (ಇಂಗ್ಲಿಷ್, ಗಣಿತ, ವಿಜ್ಞಾನದಂಥ ಮುಖ್ಯ ವಿಷಯ), ಅವುಗಳಲ್ಲಿ ಕನಿಷ್ಠ 2.3 ಜಿಪಿಎ (ಸರಾಸರಿ ಅಂಕ) ಬೇಕೇ ಬೇಕು.

ಮರುಪ್ರಶ್ನೆ (ಮೊದಲಿನ ತಾಯಿ):

ಸರ್, ಅಳೆದ್ವಿ. ಅವರಪ್ಪ ಟೇಪ್ ಹಿಡಿದ್ರು, ನಾನು ಬರಕೊಂಡೆ. ಮೂರು ಸಲ ಅಳೆದರೂ ಮೂವತ್ತೆರಡೂವರೆ ಇಂಚು. ಅವನು ಆಗಲೇ ಇಂಟರ್ನೆಟ್‌ನಲ್ಲಿ ನೋಡಿ "34 ಬೇಕಂತೆ, ಮುಗೀತು" ಅಂದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ. ನಮ್ಮನೇಲಿ ಮಾಂಸ ಮಾಡಲ್ಲ, ಮೊಟ್ಟೆ ತಿಂತಾನೆ. ಊಟದ್ದೂ ಸ್ವಲ್ಪ ಹೇಳಿ.

ಉತ್ತರ:

ಮುಗಿದಿಲ್ಲ ಮೇಡಂ. 34 ಇಂಚು ಅನ್ನೋದು ಎನ್‌ಎಫ್‌ಎಲ್‌ನವರು ಟ್ಯಾಕಲ್‌ಗೆ ಇಟ್ಟುಕೊಂಡ ಹಳೆಯ ಅಳತೆ. ಅಲ್ಲೂ ಅದು ಕಲ್ಲಿನ ಮೇಲೆ ಕೆತ್ತಿದ ಶಾಸನವಲ್ಲ. ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ಟ್ಯಾಕಲ್ ವಿಲ್ ಕ್ಯಾಂಪ್‌ಬೆಲ್ ತೋಳು 2025ರ ಕಂಬೈನ್‌ನಲ್ಲಿ (ಡ್ರಾಫ್ಟ್‌ಗೆ ಮುಂಚೆ ಆಟಗಾರರನ್ನು ಅಳೆದು ನೋಡುವ ಶಿಬಿರ) 33 ಇಂಚು ಮುಟ್ಟಲಿಲ್ಲ, ಆದರೂ ಡ್ರಾಫ್ಟ್‌ನಲ್ಲಿ ನಾಲ್ಕನೆಯವರಾಗಿ ಹೋದರು. ನಾರ್ತ್‌ವೆಸ್ಟರ್ನ್‌ನ ಪೀಟರ್ ಸ್ಕೊರೊನ್‌ಸ್ಕಿ ಅವರದು ಮೂವತ್ತೆರಡು ಕಾಲು, ನಿಮ್ಮ ಮಗನಿಗಿಂತ ಕಡಿಮೆ. ಕಾಲೇಜಿನಲ್ಲಿ ಲೆಫ್ಟ್ ಟ್ಯಾಕಲ್ ಆಡಿದರು, 2023ರಲ್ಲಿ ಹನ್ನೊಂದನೆಯವರಾಗಿ ಆಯ್ಕೆಯಾಗಿ ಗಾರ್ಡ್ ಆದರು. ಇಬ್ಬರೂ ನಿಮ್ಮ ಮಗನಿಗಿಂತ ಎತ್ತರ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಹುಡುಗನಿಗೆ ಹದಿನೈದು, ಮೈ ಇನ್ನೂ ಬೆಳೆಯುವ ವಯಸ್ಸು.

ನನ್ನ ಅಭಿಪ್ರಾಯ ಕೇಳಿದರೆ ಅವನು ಈಗಿಂದಲೇ ಸೆಂಟರ್ ಕಲಿಯಬೇಕು. ಜೇಸನ್ ಕೆಲ್ಸಿ ಸಿನ್ಸಿನಾಟಿ ವಿಶ್ವವಿದ್ಯಾಲಯಕ್ಕೆ ಸ್ಕಾಲರ್‌ಶಿಪ್ ಇಲ್ಲದೆ ಸೇರಿದವರು, ಲೈನ್‌ಗೆ ಬಂದದ್ದು ಆಮೇಲೆ. ಡ್ರಾಫ್ಟ್ ಹೊತ್ತಿಗೆ 280 ಪೌಂಡ್ ಆಸುಪಾಸು, ಸೆಂಟರ್‌ಗೆ ಸಣ್ಣವ ಅಂತ ಆರನೇ ಸುತ್ತಿನವರೆಗೆ ಯಾರೂ ಕರೆಯಲಿಲ್ಲ. ಎದುರಿನವರು ಏನು ಮಾಡಲಿದ್ದಾರೆ ಅಂತ ಮೊದಲೇ ಓದಿ, ಎಲ್ಲರಿಗಿಂತ ಮುಂಚೆ ಹೆಜ್ಜೆ ಇಡುತ್ತಿದ್ದರು. ಆರು ಸಲ ಆಲ್-ಪ್ರೊ (ಲೀಗ್‌ನ ವರ್ಷದ ಶ್ರೇಷ್ಠರ ಪಟ್ಟಿ) ಮೊದಲ ತಂಡದಲ್ಲಿ ಬಂದರು. ಸೆಂಟರ್‌ಗೆ ತಲೆ ಬೇಕು, ಓದುವ ಮನೆಯ ಹುಡುಗನಿಗೆ ಅದು ಒಗ್ಗುವ ಜಾಗ.

ಊಟದ ಬಗ್ಗೆ ಸ್ವಲ್ಪ ಗಟ್ಟಿಯಾಗೇ ಹೇಳುತ್ತೇನೆ. ನಮ್ಮ ಜನಕ್ಕೆ ಬೇರೆಯವರಿಗಿಂತ ಕಡಿಮೆ ತೂಕದಲ್ಲೇ, ಚಿಕ್ಕ ವಯಸ್ಸಿಗೇ ಸಕ್ಕರೆ ಕಾಯಿಲೆ ಬರುತ್ತದೆ. ಅಜ್ಜ ಅಜ್ಜಿಗೆ ಇದ್ದರೆ ಮಗನ ರಕ್ತ ಈಗಲೇ ಪರೀಕ್ಷೆ ಮಾಡಿಸಿ. ಹೊಟ್ಟೆಯ ಸುತ್ತ ಬಂದ ತೂಕ ಮೈದಾನದಲ್ಲಿ ಪಾದವನ್ನು ನಿಧಾನ ಮಾಡುತ್ತದೆ, ಟೆಕ್ಸಸ್‌ನ ಆಗಸ್ಟ್ ಬಿಸಿಲಲ್ಲಿ ಅಪಾಯವನ್ನೂ ತರುತ್ತದೆ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಲೈನ್‌ಮನ್ ಜೋರ್ಡನ್ ಮೆಕ್‌ನೇರ್ 2018ರಲ್ಲಿ ಅಭ್ಯಾಸದ ವೇಳೆ ಹೀಟ್ ಸ್ಟ್ರೋಕ್ ಆಗಿ, ಎರಡು ವಾರದ ಮೇಲೆ ತೀರಿಕೊಂಡ. ಹತ್ತೊಂಬತ್ತು ವರ್ಷ. ಆ ಸುದ್ದಿ ಓದಿದ ದಿನದಿಂದ ನಮ್ಮ ಮೈದಾನದಲ್ಲಿ ಐಸ್ ನೀರಿನ ತೊಟ್ಟಿ ತುಂಬಿಸದೆ ನಾನು ಹುಡುಗರನ್ನು ಇಳಿಸಿಲ್ಲ. ನಿಮ್ಮ ಶಾಲೆಯಲ್ಲಿ ತೊಟ್ಟಿ ಇದೆಯಾ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ಬೆಳಿಗ್ಗೆ ನಾಲ್ಕು ಮೊಟ್ಟೆ, ದೋಸೆ. ಮಧ್ಯಾಹ್ನ ಪನೀರ್ ಅಥವಾ ಸೋಯಾ. ಅಭ್ಯಾಸ ಮುಗಿದ ಕೂಡಲೇ ದೊಡ್ಡ ಲೋಟ ಹಾಲು. ರಾತ್ರಿ ಅನ್ನದಷ್ಟೇ ಗಟ್ಟಿ ಬೇಳೆ, ಮೊಸರು. ಒಂಬತ್ತಕ್ಕೆ ಮುಂಚೆ ಊಟ ಮುಗಿಯಲಿ, ನಿದ್ದೆ ಎಂಟು ಗಂಟೆಗಿಂತ ಕಡಿಮೆ ಬೇಡ. ತಿಂಗಳಿಗೆ ಎರಡು ಪೌಂಡ್ ಏರಿದರೆ ಸಾಕು. ಚಳಿಗಾಲದಲ್ಲಿ ಕುಸ್ತಿ ಅಥವಾ ಶಾಟ್‌ಪುಟ್‌ಗೆ ಸೇರಿಸಿ, ಲೈನ್ ಕೋಚ್‌ಗಳು ಅದನ್ನು ಕೇಳಿಯೇ ಕೇಳುತ್ತಾರೆ.

ಇವತ್ತು ಸಂಜೆ ಬಾಗಿಲು ತಟ್ಟಿ ಕರೆಯಿರಿ. ಹಿತ್ತಲಲ್ಲಿ ಅವರಪ್ಪ ಐದು ಗಜ ಹಿಂದೆ ನಿಲ್ಲಲಿ, ಇವನು ಬಗ್ಗಿ ಕಾಲ ಸಂದಿಯಿಂದ ಚೆಂಡು ಕೊಡಲಿ. ದಿನಕ್ಕೆ ಐವತ್ತು. ಹತ್ತರಲ್ಲಿ ಒಂಬತ್ತು ಸಲ ಅಪ್ಪನ ಎದೆಯ ಮಟ್ಟಕ್ಕೆ ಬರಲು ಶುರುವಾದ ಮೇಲೆ, ಪಕ್ಕದಿಂದ ಒಂದು ವಿಡಿಯೊ ಮಾಡಿ ಇಲ್ಲಿ ಹಾಕಿ. ಪಾದ ಹೇಗಿಡುತ್ತಾನೆ ನೋಡಿ ಹೇಳುತ್ತೇನೆ.