ಸಹಾಯ ಬೇಕು: ಡಿಜಿಟಲ್ ಇನ್‌ಪುಟ್‌ನಲ್ಲಿ ರೆಕಾರ್ಡಿಂಗ್ ಲೆವೆಲ್ ತುಂಬಾ ಕಡಿಮೆ

ಎಲ್ಲರಿಗೂ ನಮಸ್ಕಾರ. ಅಮ್ಮ ಹಾಡಿದ ಹಾಡುಗಳು ಹಳೇ ಮಿನಿಡಿಸ್ಕ್‌ಗಳಲ್ಲಿವೆ (ದನಿ ರೆಕಾರ್ಡ್ ಮಾಡುವ ಪುಟ್ಟ ಡಿಸ್ಕ್‌ಗಳು). ಅವು ಹಾಳಾಗುವ ಮುಂಚೆ ಕಂಪ್ಯೂಟರ್‌ಗೆ ಹಾಕಿಕೊಳ್ಳಬೇಕು. ಅವನ್ನು ನುಡಿಸುವ ಡೆಕ್‌ನಿಂದ ಕಂಪ್ಯೂಟರ್‌ನ ಸೌಂಡ್ ಕಾರ್ಡ್‌ನ ಡಿಜಿಟಲ್ ಇನ್‌ಗೆ ಆಪ್ಟಿಕಲ್ ಕೇಬಲ್ ಹಾಕಿದ್ದೇನೆ. ದನಿ ಸ್ವಚ್ಛವಾಗಿಯೇ ಬರುತ್ತಿದೆ. ಆದರೆ ಕಂಪ್ಯೂಟರ್‌ನಲ್ಲಿ ಪೀಕ್ (ಅತಿ ಜೋರಾದ ಕಡೆಯ ಮಟ್ಟ) ಮೈನಸ್ 18 ಡಿಬಿ ದಾಟುವುದೇ ಇಲ್ಲ; 0 ಅಂದರೆ ಗರಿಷ್ಠ. ಡೆಕ್‌ನ ಮೀಟರ್ ಮಾತ್ರ 0 ಹತ್ತಿರ ಹೋಗುತ್ತದೆ.

ಡಿಜಿಟಲ್ ಅಂದ ಮೇಲೆ ಅಂಕಿಗಳು ಇದ್ದ ಹಾಗೇ ಬರಬೇಕು ಅಲ್ವಾ? ಕೇಬಲ್ ಕೆಟ್ಟಿದ್ದರೆ ಚಟಚಟ ಸದ್ದು ಬರುತ್ತಿತ್ತು, ಇಲ್ಲವೇ ದನಿಯೇ ನಿಲ್ಲುತ್ತಿತ್ತು. ಸುಮ್ನೆ ತಗ್ಗುತ್ತಿರಲಿಲ್ಲ. ಯಾವುದೋ ಸಾಫ್ಟ್‌ವೇರ್ ಮಿಕ್ಸರ್ (ದನಿಯ ಮಟ್ಟ ಹೊಂದಿಸುವ ಪ್ರೋಗ್ರಾಂ) ಲೆವೆಲ್ ಇಳಿಸುತ್ತಿದೆ ಅಂತ ನನ್ನ ಅನುಮಾನ. ವಿಂಡೋಸ್‌ನಲ್ಲಿ ಆ ಇನ್‌ಪುಟ್‌ನ ಲೆವೆಲ್ 100 ಇದೆ.

ಆಮೇಲೆ ಆಂಪ್ಲಿಫೈ ಮಾಡಬಹುದು, ನಿಜ. ಆದರೆ 16 ಬಿಟ್ ರೆಕಾರ್ಡಿಂಗ್‌ನಲ್ಲಿ 18 ಡಿಬಿ ಅಂದರೆ ಸುಮಾರು 3 ಬಿಟ್ ಕಳೆದುಕೊಂಡಂತೆ, ಅಂದರೆ ದನಿಯ ಸೂಕ್ಷ್ಮ ವಿವರ ಅಷ್ಟು ಕಡಿಮೆ. ಅಮ್ಮನ ದನಿಯಲ್ಲಿ ಅಷ್ಟು ಬಿಡಲು ಮನಸ್ಸಿಲ್ಲ. ಕಾರ್ಡ್‌ನ ಡ್ರೈವರ್ ಪ್ಯಾನೆಲ್‌ನಲ್ಲಿ ಬೇರೆ ಸ್ಲೈಡರ್ ಇರುತ್ತದಾ? ಎಲ್ಲಿ ನೋಡಲಿ?